ಮಾವನ ಅಂಗಡಿಯ ಆರದ ಕಂಪ್ಯೂಟರ್

ಮೈಸೂರಿನ ಚಾಮರಾಜ ಜೋಡಿ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಸೋದರಮಾವನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ವೈಕುಂಠ ಸಮಾರಾಧನೆಯ ಕಾರ್ಡು, ಮಾನಸಗಂಗೋತ್ರಿಯ ವಿದ್ಯಾರ್ಥಿಗಳ ಪ್ರಬಂಧ, ಆಗೊಮ್ಮೆ ಈಗೊಮ್ಮೆ ಯಾರದೋ ಮೊದಲ ಕವನಸಂಕಲನ, ಇವೇ ಅಲ್ಲಿನ ಕೆಲಸ. ಮಾವ ಕಂಪ್ಯೂಟರ್ ಕಲಿತು ಈ ಕಸುಬಿಗೆ ಬಂದವರಲ್ಲ. ಹರೆಯದಲ್ಲಿ ಲೆಟರ್‌ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು. ಮೊಳೆಯಲ್ಲಿ ಅಕ್ಷರಗಳು ಕನ್ನಡಿಯೊಳಗೆ ಕಂಡ ಹಾಗೆ ತಿರುಗಿರುತ್ತವೆ. ಅದನ್ನು ನಾವು ಪತ್ರಿಕೆ ಓದುವಷ್ಟೇ ಸರಾಗವಾಗಿ ಅವರು ಓದುತ್ತಿದ್ದರು. ಕರಡು ತಿದ್ದುವಾಗ ಒಂದು ಒತ್ತಕ್ಷರ ಹೆಚ್ಚುಕಡಿಮೆಯಾಗಿದ್ದರೂ ಅವರ ಬೆರಳು ನೇರವಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

1990ರ ದಶಕದ ನಡುವಿನಲ್ಲಿ ಊರಿನ ಪ್ರೆಸ್ಸುಗಳಲ್ಲಿ ಸೀಸದ ಮೊಳೆಗಳು ತೂಕದ ಲೆಕ್ಕದಲ್ಲಿ ಮಾರಿಹೋಗತೊಡಗಿದಾಗ ಮಾವನೂ ಕಂಪ್ಯೂಟರಿನ ಮುಂದೆ ಕುಳಿತರು. ಅವರ ಮೊದಲ ಯಂತ್ರ ಎಟಿ ಮಾದರಿಯದು. ಐಬಿಎಂ 1984ರಲ್ಲಿ ತಂದ ಪಿಸಿ-ಎಟಿಯ ವಂಶದ್ದು. ಅದರ ಮುಂಭಾಗದಲ್ಲಿ ಒಂದು ದಪ್ಪ ಸ್ವಿಚ್ಚಿತ್ತು. ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ನಾಲ್ಕು ದಪ್ಪ ವೈರುಗಳು ಆ ಸ್ವಿಚ್ಚಿನವರೆಗೆ ಬರುತ್ತಿದ್ದವು, ಅವುಗಳಲ್ಲಿ ಹರಿಯುತ್ತಿದ್ದುದು ಮನೆಯ 230 ವೋಲ್ಟಿನ ಕರೆಂಟೇ. ‘ಟಕ್’ ಎಂದು ಒತ್ತಿದರೆ ಆನ್, ಮತ್ತೆ ‘ಟಕ್’ ಎಂದರೆ ಆಫ್. ಯಾವ ತಂತ್ರಾಂಶಕ್ಕೂ ಆ ಸ್ವಿಚ್ಚನ್ನು ಮುಟ್ಟುವ ದಾರಿ ಇರಲಿಲ್ಲ. ಅದಕ್ಕೇ ವಿಂಡೋಸ್ 95 ತನ್ನ ಕೆಲಸ ಮುಗಿಸಿದ ಮೇಲೆ, ಈಗ ಕಂಪ್ಯೂಟರನ್ನು ಆರಿಸಿದರೆ ಅಪಾಯವಿಲ್ಲ ಎಂದು ಕಪ್ಪು ತೆರೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಬರೆದು ಕಾಯುತ್ತಿತ್ತು. ಮಾವ ಆ ಅಕ್ಷರ ಬರುವವರೆಗೂ ಕುರ್ಚಿಯಿಂದ ಏಳುತ್ತಿರಲಿಲ್ಲ. ಬಂದ ಮೇಲೆ ಸ್ವಿಚ್ ಒತ್ತಿ, ದೀಪ ಆರಿಸಿ, ಅಂಗಡಿಯ ರೋಲಿಂಗ್ ಶಟರ್ ಎಳೆಯುತ್ತಿದ್ದರು.

ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ವಿನ್ಯಾಸ ಈ ವ್ಯವಸ್ಥೆಯನ್ನೇ ಬದಲಿಸಿತು. ಎಟಿಎಕ್ಸ್ ಯಂತ್ರದ ಮುಂದಿನ ಬಟನ್ ಕರೆಂಟನ್ನು ಕಡಿಯುವುದಿಲ್ಲ, ಮದರ್‌ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ, ಅಷ್ಟೆ. ಯಂತ್ರ ಆಫ್ ಆಗಿದ್ದಾಗಲೂ ಎಸ್‌ಎಂಪಿಎಸ್‌ನ ನೇರಳೆ ವೈರಿನಲ್ಲಿ ಐದು ವೋಲ್ಟ್ ಸದಾ ಇರುತ್ತದೆ. ಬೋರ್ಡು ಹಸಿರು ವೈರನ್ನು ಕೆಳಕ್ಕೆ ಎಳೆದು ಹಿಡಿದಿರುವಷ್ಟು ಹೊತ್ತು ಯಂತ್ರ ಓಡುತ್ತದೆ, ಬಿಟ್ಟೊಡನೆ ಆರುತ್ತದೆ. ಆ ಹಸಿರು ವೈರನ್ನು ಬಿಡು ಎಂದು ವಿಂಡೋಸ್ ತಾನೇ ಹೇಳಬಲ್ಲದು. ಅದನ್ನು ಹೇಳುವ ಬಗೆ ಎರಡು. ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ರೂಪಿಸಿದ ಎಪಿಎಂ ಪದ್ಧತಿಯಲ್ಲಿ ವಿಂಡೋಸ್ ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶವಾದ ಬಯಾಸ್‌ಗೆ ಹೇಳುತ್ತದೆ, ಬಯಾಸ್ ಆರಿಸುತ್ತದೆ. ತೋಷಿಬಾವೂ ಜೊತೆಗೂಡಿ 1996ರ ಡಿಸೆಂಬರಿನಲ್ಲಿ ಹೊರಬಂದ ಎಸಿಪಿಐ ಪದ್ಧತಿಯಲ್ಲಿ ಯಜಮಾನಿಕೆ ವಿಂಡೋಸಿನದೇ.

ಮಾವ 2000ದ ಸುಮಾರಿಗೆ ಕೊಂಡ ಎರಡನೆಯ ಯಂತ್ರ ಇಂಥ ಎಟಿಎಕ್ಸ್. ಪೆಂಟಿಯಂ-3, ಅಸೆಂಬಲ್ ಮಾಡಿಸಿದ್ದು, ವಿಂಡೋಸ್ 98. ಶಟ್‌ಡೌನ್ ಕೊಟ್ಟರೆ ತಾನೇ ಆರಿಹೋಗುತ್ತಿತ್ತು. ಮಾವನಿಗೆ ಅದು ಬಹಳ ಹಿಡಿಸಿತ್ತು. ಲೆಕ್ಕದ ಪುಸ್ತಕ ಮುಚ್ಚಿಡುವಷ್ಟರಲ್ಲಿ ಫ್ಯಾನಿನ ಸದ್ದು ನಿಂತಿರುತ್ತಿತ್ತು. ಯುಪಿಎಸ್ ಚಾರ್ಜ್ ಆಗಲಿ ಎಂದು ಅದನ್ನು ಹಾಗೇ ಬಿಟ್ಟು ಬಾಗಿಲು ಹಾಕುತ್ತಿದ್ದರು. ಆ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಕನ್ನಡ ಟೈಪಿಂಗ್ ತಂತ್ರಾಂಶ ಶ್ರೀಲಿಪಿಯ ಬೀಗವಾದ ಡಾಂಗಲ್ ಸಿಕ್ಕಿಸಿತ್ತು. ಅಂಗಡಿಯ ಅನ್ನ ಇದ್ದುದು ಆ ಬೀಗದಲ್ಲಿ ಮತ್ತು ಪೇಜ್‌ಮೇಕರಿನ ಹಳೆಯ ಫೈಲುಗಳಲ್ಲಿ.

2006ರ ಹೊತ್ತಿಗೆ ಗಿರಾಕಿಗಳು ಫ್ಲಾಪಿ ಬಿಟ್ಟು ಪೆನ್‌ಡ್ರೈವ್ ತರತೊಡಗಿದರು. ವಿಂಡೋಸ್ 98 ಪೆನ್‌ಡ್ರೈವನ್ನು ತಾನಾಗಿ ಗುರುತಿಸದು, ಒಂದೊಂದಕ್ಕೂ ಬೇರೆ ಡ್ರೈವರ್ ಬೇಕು. ಮೈಕ್ರೋಸಾಫ್ಟ್ ಕೂಡ ಆ ವರ್ಷದ ಜುಲೈನಲ್ಲಿ ವಿಂಡೋಸ್ 98ಕ್ಕೆ ಬೆಂಬಲ ನಿಲ್ಲಿಸಿತು. ಮಾವ ಕಂಪ್ಯೂಟರನ್ನು ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟು, ರ‍್ಯಾಮ್ ಹೆಚ್ಚಿಸಿ, ಎಕ್ಸ್‌ಪಿ ಹಾಕಿಸಿದರು. ಅದು ಅಲ್ಲಿ ಕೆಲವು ದಿನ ಮೂಲೆಯಲ್ಲಿ ಕಾದು, ಸರದಿ ಬಂದಾಗ ಫಾರ್ಮ್ಯಾಟ್ ಆಗಿ, ಹೊಸ ವಿಂಡೋಸ್ ಹೊತ್ತು ಮರಳಿತು. ಪೆನ್‌ಡ್ರೈವ್ ಓಡಿತು, ಶ್ರೀಲಿಪಿ ಓಡಿತು. ಶಟ್‌ಡೌನ್ ಕೊಟ್ಟರೆ ಮಾತ್ರ ಯಂತ್ರ ಆರಲಿಲ್ಲ. ಈಗ ಆರಿಸಬಹುದು ಎಂಬ ಆ ಹಳೆಯ ಸಾಲನ್ನು ತೋರಿಸುತ್ತಾ, ಫ್ಯಾನ್ ತಿರುಗಿಸುತ್ತಾ ನಿಂತುಬಿಡುತ್ತಿತ್ತು.

ಕೊಟ್ಟ ಕಡೆಯಲ್ಲಿ ಕೇಳಿದಾಗ ಮದರ್‌ಬೋರ್ಡ್ ಹಳೆಯದಾಯಿತು, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಅಲ್ಲಿಯವರೆಗೆ ಯುಪಿಎಸ್ ಸ್ವಿಚ್ಚನ್ನೇ ಆರಿಸಿ ಎಂಬ ಸಲಹೆಯೂ ಸಿಕ್ಕಿತು. ಮಾವ ಹಾಗೇ ಮಾಡಿದರು. ಮೊದಲ ಯಂತ್ರದ ಅಭ್ಯಾಸ ಅವರಿಗೆ ಇತ್ತಲ್ಲ, ಕರೆಂಟನ್ನು ನೇರವಾಗಿ ಕಡಿಯುವ ಸ್ವಿಚ್ಚಿನ ಮೇಲೇ ಅವರಿಗೆ ನಂಬಿಕೆ. ಆದರೆ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದ ಹುಡುಗಿಗೆ ಇದರಿಂದ ತೊಂದರೆಯಾಯಿತು. ಸಂಜೆ ಶಟ್‌ಡೌನ್ ಕೊಟ್ಟು ಬಸ್ಸಿಗೆ ಓಡುತ್ತಿದ್ದವಳು ಈಗ ಆ ಸಾಲು ಬರುವವರೆಗೆ ಕಾಯಬೇಕು. ಮದುವೆ ಕಾಲದಲ್ಲಿ ಹಾರ್ಡ್‌ಡಿಸ್ಕ್ ತುಂಬ ಫೈಲು, ಯಂತ್ರ ನಿಧಾನ. ಕಾಯದೆ ಯುಪಿಎಸ್ ಆರಿಸಿದರೆ ಮರುದಿನ ಬೆಳಿಗ್ಗೆ ನೀಲಿ ತೆರೆಯ ಮೇಲೆ ಡಿಸ್ಕ್ ತಪಾಸಣೆ ಶುರುವಾಗುತ್ತಿತ್ತು.

ಆಗ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೆ. ಒಂದು ಭಾನುವಾರ ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿದು ಅಂಗಡಿಗೆ ಹೋದೆ.

“ಎಕ್ಸ್‌ಪಿ ಹಾಕಿದ ಮೇಲೇ ಹೀಗಾಯ್ತು ಕಣೋ,” ಎಂದರು ಮಾವ. “ಬೋರ್ಡೇ ಹೋಗಿದೆಯಂತೆ.”

ಮೊದಲು ಶಟ್‌ಡೌನ್ ಕೊಟ್ಟು ನೋಡಿದೆ. ಆರದ ಕಂಪ್ಯೂಟರ್ ಎಲ್ಲಿ ನಿಂತಿತು ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ‘ವಿಂಡೋಸ್ ಮುಚ್ಚಿಕೊಳ್ಳುತ್ತಿದೆ’ ಎನ್ನುವ ತೆರೆಯಲ್ಲೇ ನಿಂತರೆ ಯಾವುದೋ ಪ್ರೋಗ್ರಾಮೋ ಡ್ರೈವರೋ ಕೆಲಸ ಬಿಟ್ಟು ಏಳುತ್ತಿಲ್ಲ ಎಂದರ್ಥ. ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಈ ಕಾಯಿಲೆ ಎಷ್ಟು ಹರಡಿತ್ತೆಂದರೆ ಮೈಕ್ರೋಸಾಫ್ಟ್ ಅದಕ್ಕೆಂದೇ ಒಂದು ತಿದ್ದುಪಡಿ ಹೊರತಂದಿತು. ಹೊರಡುವಾಗ ನುಡಿಸುವ ಪುಟ್ಟ ಸದ್ದಿನ ಫೈಲು ಕೆಟ್ಟಿದ್ದರೂ ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ಆರಿದ ಹಾಗೆ ಮಾಡಿ ಮತ್ತೆ ತಾನೇ ಎದ್ದುಕೊಂಡರೆ, ಕೊನೆಯ ಗಳಿಗೆಯಲ್ಲಿ ಏನೋ ದೋಷ ಕಂಡು ರೀಸ್ಟಾರ್ಟ್ ಆಗುತ್ತಿರಬಹುದು. ‘ಈಗ ಆರಿಸಬಹುದು’ ಎಂಬ ಸಾಲು ಬಂದು ನಿಂತರೆ ವಿಂಡೋಸ್ ತನ್ನ ಕೆಲಸವನ್ನೆಲ್ಲ ಮುಗಿಸಿದೆ, ಆರಿಸುವ ಮಾತನ್ನು ಕೆಳಗೆ ಮುಟ್ಟಿಸಲು ಮಾತ್ರ ಅದಕ್ಕೆ ದಾರಿಯಿಲ್ಲ. ಮಾವನದು ಈ ಕೊನೆಯ ಬಗೆ.

ಆಮೇಲೆ ಮುಂದಿನ ಬಟನ್ನನ್ನು ಒತ್ತಿ ಹಿಡಿದೆ. ನಾಲ್ಕು ಸೆಕೆಂಡು ಹಿಡಿದರೆ ವಿಂಡೋಸಿನ ಒಪ್ಪಿಗೆ ಇಲ್ಲದೆಯೂ ಬೋರ್ಡು ಹಸಿರು ವೈರನ್ನು ಬಿಡಬೇಕು, ಎಟಿಎಕ್ಸ್ ಯಂತ್ರಗಳ ರೀತಿಯೇ ಅದು. ಯಂತ್ರ ಆರಿತು. ಬೋರ್ಡು ಚೆನ್ನಾಗಿದೆ, ಎಸ್‌ಎಂಪಿಎಸ್ ಚೆನ್ನಾಗಿದೆ, ನಡುವಿನ ವೈರುಗಳೂ ಚೆನ್ನಾಗಿವೆ ಎಂದು ಇದರಿಂದ ಗೊತ್ತಾಯಿತು. ಹೊಸ ಕಂಪ್ಯೂಟರ್ ಕೊಳ್ಳಲು ಹೇಳಿದ್ದ ಕಾರಣ ಅಲ್ಲಿಗೆ ಬಿದ್ದುಹೋಯಿತು.

“ಬೆಳಿಗ್ಗೆ ಸರಿಯಾಗಿ ಆನ್ ಆಗುತ್ತಾ ಮಾವ?”

“ಓ, ಆಗುತ್ತೆ. ಎಫ್ ಒನ್ ಒತ್ತು ಅಂತ ಕೇಳುತ್ತೆ. ಒತ್ತುತೀನಿ, ಮುಂದಕ್ಕೆ ಹೋಗುತ್ತೆ.”

“ಯಾಕೆ ಕೇಳುತ್ತೆ ಅಂತ ಬರೆದಿರುತ್ತಲ್ಲ?”

“ಅದೇನೋ ಇಂಗ್ಲಿಷಲ್ಲಿರುತ್ತೆ ಕಣೋ. ಎಲ್ಲ ಕಂಪ್ಯೂಟರೂ ಹಂಗೇ ಅಲ್ವಾ?”

ಮತ್ತೆ ಆನ್ ಮಾಡಿ ಓದಿದೆ. ಸಿಮೋಸ್ ನೆನಪಿನ ಲೆಕ್ಕ ತಪ್ಪಿದೆ, ಮೂಲ ಸೆಟ್ಟಿಂಗುಗಳನ್ನು ಹಾಕಿಕೊಂಡಿದ್ದೇನೆ, ಮುಂದುವರಿಯಲು ಎಫ್1, ಸೆಟಪ್ಪಿಗೆ ಡಿಲೀಟ್ ಕೀ ಎಂದಿತ್ತು. ಹಾರ್ಡ್‌ಡಿಸ್ಕಿನಲ್ಲಿ ಎಕ್ಸ್‌ಪಿ ಬಂದ ಮೇಲಿನ ಫೈಲುಗಳ ತಾರೀಖು ನೋಡಿದೆ. ಆ ವರ್ಷ ಮಾಡಿದ ಲಗ್ನಪತ್ರಿಕೆಗಳೆಲ್ಲ 2000ನೇ ಇಸವಿಯ ಜನವರಿಯಲ್ಲಿ ಹುಟ್ಟಿದ ಹಾಗೆ ತೋರಿಸುತ್ತಿದ್ದವು. ಗಡಿಯಾರ ಪ್ರತಿ ರಾತ್ರಿ ಎಲ್ಲ ಮರೆತು ಪ್ರತಿ ಬೆಳಿಗ್ಗೆ ಅಲ್ಲಿಂದಲೇ ಶುರುವಾಗುತ್ತಿತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, ಮೂರು ವೋಲ್ಟಿನದು. ಕರೆಂಟಿಲ್ಲದಾಗ ಗಡಿಯಾರ ಓಡಿಸುವುದೂ ಬಯಾಸಿನ ಸೆಟ್ಟಿಂಗುಗಳನ್ನು ಉಳಿಸುವುದೂ ಅದರ ಕೆಲಸ. ಮಲ್ಟಿಮೀಟರ್ ಇಟ್ಟರೆ ಅದರಲ್ಲಿ ಎರಡು ವೋಲ್ಟೂ ಉಳಿದಿರಲಿಲ್ಲ.

ಈಗ ಸರಪಳಿ ಪೂರ್ತಿ ಕಣ್ಣಿಗೆ ಬಿತ್ತು. ಸೆಲ್ ಮೊದಲೇ ಸೊರಗಿತ್ತು. ಯುಪಿಎಸ್ ಆನ್ ಇದ್ದಷ್ಟು ದಿನ ನೇರಳೆ ವೈರಿನ ಐದು ವೋಲ್ಟು ಬಯಾಸಿನ ನೆನಪನ್ನು ಕಾಪಾಡುತ್ತಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ರಿಪೇರಿ ಅಂಗಡಿಯ ಮೂಲೆಯಲ್ಲಿ ವೈರು ಕಿತ್ತು ಇಟ್ಟಿದ್ದ ದಿನಗಳಲ್ಲಿ ನೆನಪು ಅಳಿಸಿತು. ಆ ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ ಪವರ್ ಮ್ಯಾನೇಜ್‌ಮೆಂಟೂ ಇಲ್ಲ, ಎಸಿಪಿಐಯೂ ಇಲ್ಲ. ಅದೇ ಸ್ಥಿತಿಯಲ್ಲಿ ಎಕ್ಸ್‌ಪಿ ಹಾಕಿದರು. ಎಕ್ಸ್‌ಪಿ ಸುತ್ತ ನೋಡಿ, ಈ ಯಂತ್ರಕ್ಕೆ ತಾನೇ ಆರುವ ಶಕ್ತಿಯಿಲ್ಲ ಎಂದುಕೊಂಡು ‘ಸ್ಟ್ಯಾಂಡರ್ಡ್ ಪಿಸಿ’ ಎಂದು ದಾಖಲಿಸಿಕೊಂಡಿತು. ಡಿವೈಸ್ ಮ್ಯಾನೇಜರಿನಲ್ಲಿ ಆ ಹೆಸರೇ ಇತ್ತು. ಯಂತ್ರ ಆರುವುದಿಲ್ಲವೆಂದು ಮಾವ ರಾತ್ರಿ ಯುಪಿಎಸ್ ಆರಿಸತೊಡಗಿದರು. ಯುಪಿಎಸ್ ಆರಿದ್ದರಿಂದ ಸೊರಗಿದ ಸೆಲ್ ರಾತ್ರಿಯಿಡೀ ಒಂಟಿಯಾಯಿತು, ನೆನಪು ಉಳಿಯಲಿಲ್ಲ, ಬೆಳಿಗ್ಗೆ ಎಫ್1 ಕೇಳಿತು. ತೊಂದರೆಗೆ ಮಾಡಿಕೊಂಡ ಉಪಾಯವೇ ತೊಂದರೆಯನ್ನು ಸಾಕುತ್ತಿತ್ತು.

ಸಯ್ಯಾಜಿರಾವ್ ರಸ್ತೆಯ ಕಡೆ ನಡೆದು ಹೊಸ ಸೆಲ್ ತಂದು ಕೂರಿಸಿದೆ. ಡಿಲೀಟ್ ಕೀ ಒತ್ತಿ ಬಯಾಸಿಗೆ ಹೋಗಿ ತಾರೀಖು ಸರಿಮಾಡಿ, ಪವರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ, ಉಳಿಸಿ ಹೊರಬಂದೆ. ಶಾಸ್ತ್ರೋಕ್ತವಾಗಿ ಮಾಡಬೇಕೆಂದರೆ ಎಸಿಪಿಐ ಆನ್ ಮಾಡಿ ಎಕ್ಸ್‌ಪಿಯನ್ನು ಮತ್ತೆ ಹೊಸದಾಗಿ ಹಾಕಬೇಕು. ಹಾಕಿದ ವಿಂಡೋಸ್ ಹಾಗೇ ಇದ್ದು ಬಯಾಸಿನಲ್ಲಿ ಮಾತ್ರ ಎಸಿಪಿಐ ಬದಲಿಸಿದರೆ ಅದು ಗಮನಿಸುವುದೇ ಇಲ್ಲ. ಆದರೆ ಮದುವೆ ಕಾಲ, ಶ್ರೀಲಿಪಿ ಮತ್ತು ಫಾಂಟುಗಳು ಎಲ್ಲ ಕೂತಾಗಿದೆ. ಅದಕ್ಕೆ ಹಳೆಯ ಎಪಿಎಂ ದಾರಿ ಹಿಡಿದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ತೆರೆದರೆ ಎಪಿಎಂ ಎಂಬ ಪುಟ ಕಾಣಿಸಿತು. ಅದರಲ್ಲಿದ್ದುದು ಒಂದೇ ಚೌಕ. ಅದಕ್ಕೆ ಟಿಕ್ ಹಾಕಿದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿಸಿಟ್ಟ ಸಾಧನಗಳನ್ನು ತೋರಿಸುವಂತೆ ಮಾಡಿ, ಎಪಿಎಂ ಸಾಲಿನ ಮೇಲೆ ಕೆಂಪು ಗುರುತು ಇಲ್ಲವೆಂದು ಖಾತ್ರಿ ಮಾಡಿಕೊಂಡೆ.

“ಈಗ ನೀವೇ ಶಟ್‌ಡೌನ್ ಕೊಡಿ ಮಾವ,” ಎಂದೆ. ಕೊಟ್ಟರು. ಯಂತ್ರ ಆರಿತು. ಮಾವ ಮತ್ತೆ ಆನ್ ಮಾಡಿ ಇನ್ನೊಮ್ಮೆ ಕೊಟ್ಟು ನೋಡಿದರು. ಈ ಸಲ ಎಫ್1 ಕೂಡ ಕೇಳಲಿಲ್ಲ.

“ಅಷ್ಟು ಹೊತ್ತು ಅದು ಒಳಗೆ ಏನು ಮಾಡುತ್ತೆ?” ಎಂದು ಆಗ ಕೇಳಿದರು. ನೆನಪಿನಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಡಿಸ್ಕಿಗೆ ಬರೆಯುವುದು, ತೆರೆದ ಫೈಲು ಮುಚ್ಚುವುದು, ಒಂದೊಂದೇ ಪ್ರೋಗ್ರಾಮನ್ನು ಕಳಿಸಿಕೊಡುವುದು ಎಂದು ವಿವರಿಸಿದೆ. ಮಾವ ತಲೆಯಾಡಿಸಿ ತಮ್ಮ ಕಸುಬಿನ ಮಾತಿನಲ್ಲೇ ಅದನ್ನು ಹಿಡಿದರು. ಅಚ್ಚಾದ ಮೇಲೆ ಪುಟ ಬಿಚ್ಚಿ, ಒಂದೊಂದು ಮೊಳೆಯನ್ನೂ ಕೇಸಿನಲ್ಲಿ ಅದರದರ ಮನೆಗೆ ಹಾಕುವವರೆಗೂ ಪ್ರೆಸ್ಸಿನ ದಿನ ಮುಗಿಯುತ್ತಿರಲಿಲ್ಲ. ‘ಕ’ದ ಮನೆಗೆ ‘ತ’ ಬಿದ್ದರೆ ನಾಳೆ ಜೋಡಿಸುವವನು ಪರದಾಡುತ್ತಾನೆ. ಕಂಪ್ಯೂಟರನ್ನು ನಡುವೆ ಕಡಿದರೆ ಬೆಳಿಗ್ಗೆ ಯಾಕೆ ತಪಾಸಣೆಗೆ ಕೂರುತ್ತದೆ ಎನ್ನುವುದು ಅವರಿಗೆ ನನ್ನ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗಿತ್ತು.

ಆ ಭಾನುವಾರ ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿತು. ಉತ್ತರ ಪ್ರತಿ ಬೆಳಿಗ್ಗೆ ತೆರೆಯ ಮೇಲೆ ಬರುತ್ತಿತ್ತು. ಅದರ ಮುಂದೆ ಕೂರುತ್ತಿದ್ದವರು ತಿರುಗಿದ ಅಕ್ಷರವನ್ನೂ ಓದಬಲ್ಲ ಮನುಷ್ಯ. ಆದರೆ ಆ ಸಾಲು ಇಂಗ್ಲಿಷಿನಲ್ಲಿತ್ತು, ಎಫ್1 ಒತ್ತಿದರೆ ತೊಲಗುತ್ತಿತ್ತು. ‘ಗಡಿಯಾರದ ಸೆಲ್ ಮುಗಿದಿದೆ, ಬದಲಿಸಿ’ ಎಂದು ಕನ್ನಡದಲ್ಲಿ ಬಂದಿದ್ದರೆ ಮಾವ ಮೊದಲ ದಿನವೇ ಸೆಲ್ ತರುತ್ತಿದ್ದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದಕ್ಕೆ ನಮ್ಮವರು ಬಹಳ ದುಡಿದಿದ್ದಾರೆ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಮಾವನಂಥ ಸಾವಿರಾರು ಜನರ ಕೈಗೆ ಕೆಲಸ ಕೊಟ್ಟವು. ಆದರೆ ನಾವು ಕಂಪ್ಯೂಟರಿಗೆ ಕನ್ನಡದಲ್ಲಿ ಹೇಳುವುದನ್ನು ಕಲಿತೆವು, ಅದು ನಮಗೆ ಹೇಳುವುದು ಇಂಗ್ಲಿಷಿನಲ್ಲೇ ಉಳಿಯಿತು. ಎಚ್ಚರಿಕೆಯ ಮಾತಂತೂ ಯಂತ್ರದ ಜೊತೆ ಬದುಕುವವರ ಭಾಷೆಯಲ್ಲೇ ಇರಬೇಕು. ತೊಂದರೆ ಮೊದಲು ಕಾಣುವುದು ಅವರಿಗೇ.

ಕೆಲವು ವರ್ಷಗಳ ನಂತರ ಇದೇ ಪಾಠ ಇನ್ನೊಂದು ರೂಪದಲ್ಲಿ ಎದುರಾಯಿತು. ಉಬುಂಟು ಸಿಡಿಗಳು ಕೇಳಿದವರ ಮನೆಗೆ ಅಂಚೆಯಲ್ಲಿ ಬಿಟ್ಟಿಯಾಗಿ ಬರುತ್ತಿದ್ದ ಕಾಲ. ಸರಸ್ವತಿಪುರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡಿದ್ದರು. ಅದೂ ಆರುತ್ತಿರಲಿಲ್ಲ, ‘ಸಿಸ್ಟಮ್ ಹಾಲ್ಟೆಡ್’ ಎಂದು ಬರೆದು ನಿಲ್ಲುತ್ತಿತ್ತು. ಈ ಸಲ ನಾನು ಸೀದಾ ಯಂತ್ರ ಏಳುವಾಗಿನ ಬರಹಗಳನ್ನು ತೆರೆದು ಓದಿದೆ. ಈ ಬಯಾಸ್ 1999ರದು, 2000ಕ್ಕಿಂತ ಹಳೆಯದನ್ನು ನಾನು ನಂಬುವುದಿಲ್ಲ, ಎಸಿಪಿಐ ಬೇಕಿದ್ದರೆ ಒತ್ತಾಯ ಮಾಡಿ ಎಂಬರ್ಥದ ಸಾಲು ಸ್ಪಷ್ಟವಾಗಿತ್ತು. ಆ ಕಾಲದ ಮೊದಮೊದಲ ಬಯಾಸುಗಳಲ್ಲಿ ಎಸಿಪಿಐ ಪಟ್ಟಿಗಳು ತಪ್ಪುತಪ್ಪಾಗಿ ಇರುತ್ತಿದ್ದುದರಿಂದ ಲಿನಕ್ಸ್ ಹಾಗೆ ಇಸವಿ ನೋಡಿ ದೂರ ಇಡುತ್ತಿತ್ತು. ಬೂಟ್ ಸಾಲಿನ ಕೊನೆಗೆ ‘ಎಸಿಪಿಐ=ಫೋರ್ಸ್’ ಎಂದು ಸೇರಿಸಿದೆ. ಮೇಷ್ಟ್ರ ಬಯಾಸ್ ಇಸವಿಯಲ್ಲಿ ಹಳೆಯದಾದರೂ ಗುಣದಲ್ಲಿ ಸರಿಯಾಗಿಯೇ ಇತ್ತು, ಯಂತ್ರ ಆರಿತು. ಯಂತ್ರ ಈ ಸಲವೂ ತನ್ನ ಕಷ್ಟವನ್ನು ತಾನೇ ಬರೆದಿಟ್ಟಿತ್ತು.

ಮಾವನ ಪೆಂಟಿಯಂ-3 ಆಮೇಲೆ ವರ್ಷಗಟ್ಟಲೆ ದುಡಿಯಿತು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಾಗಲೂ ಅದು ಇಂಟರ್‌ನೆಟ್ಟಿಲ್ಲದೆ ತನ್ನ ಪಾಡಿಗೆ ಪುಟ ಕಟ್ಟುತ್ತಿತ್ತು. ಆ ವರ್ಷದ ನವೆಂಬರ್ 1ರಂದು ‘ಮೈಸೂರು’ ಎಂಬ ಹೆಸರು ಇಂಗ್ಲಿಷ್ ಬರಹದಲ್ಲೂ ಅಧಿಕೃತವಾದಾಗ ಅಂಗಡಿಗಳ ಲೆಟರ್‌ಹೆಡ್ ತಿದ್ದುವ ಒಂದಷ್ಟು ಕೆಲಸ ಮಾವನ ಕೈಗೂ ಬಂತು, ಅದನ್ನೂ ಆ ಯಂತ್ರವೇ ಮಾಡಿತು. ಕಣ್ಣು ಮಂಜಾಗಿ ಮಾವ ಅಂಗಡಿ ಮುಚ್ಚುವವರೆಗೂ ಅದು ಓಡುತ್ತಲೇ ಇತ್ತು. ಆ ದಿನ ಹೊಸ ಕಂಪ್ಯೂಟರ್ ಕೊಂಡಿದ್ದರೆ ಅದರ ಸಾಲ ತೀರಿಸಲು ಎಷ್ಟು ಲಗ್ನಪತ್ರಿಕೆ ಬೇಕಾಗುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ.

ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ನನ್ನದೊಂದು ವಿನಂತಿ. ಆರುತ್ತಿಲ್ಲವೆಂದು ಅದನ್ನು ಗುಜರಿಗೆ ಹಾಕುವ ಮುನ್ನ ಅದು ಯಾವ ತೆರೆಯಲ್ಲಿ ನಿಲ್ಲುತ್ತದೆಂದು ನೋಡಿ. ಬಟನ್ ಒತ್ತಿ ಹಿಡಿದಾಗ ಆರುತ್ತದೆಯೇ ಪರೀಕ್ಷಿಸಿ. ಬೆಳಿಗ್ಗೆ ತಾರೀಖು ತಪ್ಪು ತೋರಿಸುತ್ತಿದ್ದರೆ ಸೆಲ್ ಬದಲಿಸಿ, ಬಯಾಸಿನ ಸೆಟ್ಟಿಂಗ್ ಒಮ್ಮೆ ಓದಿ. ಹಳೆಯ ಸೆಲ್ಲನ್ನು ಕಸದ ಬುಟ್ಟಿಗೆ ಹಾಕಬೇಡಿ, ಚಿಕ್ಕ ಮಕ್ಕಳ ಕೈಗಂತೂ ಸಿಗದಂತೆ ಇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಇಷ್ಟೆಲ್ಲ ಮಾಡಿಯೂ ಯಂತ್ರ ನಿಜವಾಗಿ ಮುಗಿದಿದ್ದರೆ ಇ-ತ್ಯಾಜ್ಯ ಪಡೆಯುವ ಪರವಾನಗಿ ಇರುವವರಿಗೇ ಕೊಡಿ, ನಮ್ಮ ದೇಶದಲ್ಲಿ ಅದಕ್ಕೆ 2012ರ ಮೇ ತಿಂಗಳಿನಿಂದಲೇ ನಿಯಮವಿದೆ. ಎಲ್ಲಕ್ಕಿಂತ ಮೊದಲು, ತೆರೆಯ ಮೇಲೆ ಬಂದ ಸಾಲನ್ನು ಓದದೆ ಕೀ ಒತ್ತಬೇಡಿ. ಇಂಗ್ಲಿಷ್ ಬಾರದಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ ಕೇಳಿ.